ಕನ್ನಡಿ ನೋಡಿದರೂ ಕಾಣದ ಬೈಕ್: ಲೇನ್ ಬದಲಿಸುವಾಗ ಏನೇನು ನೋಡಬೇಕು?

"ಕನ್ನಡಿ ನೋಡಿಯೇ ಗಾಡಿ ತಿರುಗಿಸಿದೆ, ಆದ್ರೂ ಆ ಬೈಕ್ ಎಲ್ಲಿಂದ ಬಂತು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೊಸದಾಗಿ ಲೈಸೆನ್ಸ್ ಮಾಡಿಸಿದವರು ಕೇಳುತ್ತಾರೆ, ಎಷ್ಟೋ ವರ್ಷದಿಂದ ಓಡಿಸುತ್ತಿರುವವರೂ ಕೇಳುತ್ತಾರೆ. ಕೆಲವರಿಗೆ ಇದು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಆಗಿರುತ್ತದೆ, ಕೆಲವರಿಗೆ ಚಿತ್ರದುರ್ಗ ದಾಟಿ ಹಿರಿಯೂರು ಕಡೆ ಹೋಗುವಾಗ. ಅವರು ಕನ್ನಡಿ ನೋಡಿದ್ದು ನಿಜ. ಬೈಕ್ ಕಾಣದಿದ್ದದ್ದೂ ನಿಜ. ಬೈಕ್ ಅಷ್ಟೊತ್ತಿಗಾಗಲೇ ಪಕ್ಕದಲ್ಲೇ ಇತ್ತು, ಕನ್ನಡಿಗೆ ಸಿಗದ ಜಾಗದಲ್ಲಿ.

ಬಹಳ ಕಡೆ ಡ್ರೈವಿಂಗ್ ಕಲಿಸುವಾಗ ಕ್ಲಚ್, ಗೇರು, ರಿವರ್ಸು ಎಲ್ಲ ನಿಧಾನಕ್ಕೆ ಹೇಳಿಕೊಡುತ್ತಾರೆ. ಲೇನ್ ಬದಲಿಸುವ ವಿಷಯ ಬಂದಾಗ "ಇಂಡಿಕೇಟರ್ ಹಾಕು, ಕನ್ನಡಿ ನೋಡು, ಹೋಗು" ಅಂತ ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ಅದು ಸಾಲದು. ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡಿಯಲ್ಲಿ ಕಾಣುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಕಾಣದಂತಾದರೆ, ಅದು ಹೋಯಿತು ಅಂದುಕೊಳ್ಳಬೇಡಿ. ಎಲ್ಲಿಗೆ ಹೋಯಿತು ಅಂತ ಗೊತ್ತಾಗುವ ತನಕ ಸ್ಟೀರಿಂಗ್ ಅಲುಗಿಸಬೇಡಿ.

ಮೊದಲು ಗೊತ್ತಿರಬೇಕಾದ ಕೆಲವು ಪದ

ಲೇನ್ ಅಂದರೆ ರಸ್ತೆಯ ಮೇಲೆ ಬಿಳಿ ಗೆರೆ ಎಳೆದು ಮಾಡಿದ ಪಥ. ಹೆದ್ದಾರಿಯಲ್ಲಿ ಒಂದು ಲೇನ್ ಸಾಮಾನ್ಯವಾಗಿ 3.5 ಮೀಟರ್ ಅಗಲ ಇರುತ್ತದೆ. ತುಂಡು ತುಂಡು ಬಿಳಿ ಗೆರೆ ಇದ್ದರೆ ನೋಡಿಕೊಂಡು ದಾಟಬಹುದು. ಗೆರೆ ಮಧ್ಯೆ ಕಡಿಯದೆ ಉದ್ದಕ್ಕೆ ಇದ್ದರೆ ದಾಟಬಾರದು. ಡಿವೈಡರ್ ಇಲ್ಲದ ರಸ್ತೆಯ ನಡುವೆ ಜೋಡಿ ಹಳದಿ ಗೆರೆ ಇದ್ದರೆ ಅದನ್ನು ಗೋಡೆ ಅಂತಲೇ ತಿಳಿಯಿರಿ. ಜೋಡಿ ಗೆರೆಯಲ್ಲಿ ಒಂದು ತುಂಡಾಗಿ ಇನ್ನೊಂದು ಉದ್ದಕ್ಕೆ ಇದ್ದರೆ, ತುಂಡು ಗೆರೆ ಯಾರ ಕಡೆಗಿದೆಯೋ ಅವರಷ್ಟೇ ದಾಟಬಹುದು.

ಬ್ಲೈಂಡ್ ಸ್ಪಾಟ್ ಅಂದರೆ ಮೂರೂ ಕನ್ನಡಿಗೆ ಸಿಗದ, ಮುಂದೆ ನೋಡುವಾಗ ಕಣ್ಣಂಚಿಗೂ ಬೀಳದ ಜಾಗ. ಕಾರಿನಲ್ಲಿ ಇದು ಎಡಕ್ಕೂ ಬಲಕ್ಕೂ ಹಿಂದಿನ ಬಾಗಿಲಿನ ಆಸುಪಾಸಿನಲ್ಲಿ ಇರುತ್ತದೆ. ಪಿಲ್ಲರ್ ಅಂದರೆ ಗಾಜುಗಳ ನಡುವೆ ಚಾವಣಿಯನ್ನು ಹೊತ್ತು ನಿಂತ ಕಂಬ. ಅದರ ಹಿಂದೆಯೂ ಜನ, ಬೈಕ್ ಮರೆಯಾಗುತ್ತಾರೆ.

ಹಂತ 1: ಗಾಡಿ ನಿಂತಿರುವಾಗಲೇ ಕನ್ನಡಿ ಸರಿ ಮಾಡಿಕೊಳ್ಳಿ

ಸೀಟು ಮೊದಲು, ಕನ್ನಡಿ ಆಮೇಲೆ. ಸೀಟು ಹಿಂದೆ ಮುಂದೆ ಮಾಡಿದರೆ ಕನ್ನಡಿ ಮತ್ತೆ ಹೊಂದಿಸಬೇಕಾಗುತ್ತದೆ. ಮನೆಯಲ್ಲಿ ಇಬ್ಬರು ಮೂವರು ಒಂದೇ ಕಾರು ಓಡಿಸುವುದಾದರೆ ಪ್ರತಿ ಸಲವೂ ಈ ಕೆಲಸ ಆಗಲೇಬೇಕು.

ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ಹಿಂದಿನ ಸೀಟಿನ ಮೇಲೆ ಚೀಲ ಪೇರಿಸಿ ಆ ಗಾಜು ಮುಚ್ಚಬೇಡಿ.

ಸೈಡ್ ಮಿರರ್ ವಿಷಯದಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ತಮ್ಮ ಕಾರಿನ ಮೈಯೇ ಕನ್ನಡಿಯಲ್ಲಿ ಅರ್ಧ ಕಾಣುವ ಹಾಗೆ ಇಟ್ಟುಕೊಂಡಿರುತ್ತಾರೆ. ನಿಮ್ಮ ಕಾರಿನ ಬಾಗಿಲು ಎಲ್ಲಿದೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ? ಅದನ್ನು ನೋಡಲು ಕನ್ನಡಿ ಯಾಕೆ ಬೇಕು? ಹೀಗೆ ಮಾಡಿ:

ಬಲಗಡೆಯ ಕನ್ನಡಿಗೆ: ತಲೆಯನ್ನು ಬಲಗಡೆಯ ಗಾಜಿಗೆ ತಾಗುವಷ್ಟು ವಾಲಿಸಿ. ಹಾಗೆ ವಾಲಿದಾಗ ನಿಮ್ಮ ಕಾರಿನ ಅಂಚು ಕನ್ನಡಿಯಲ್ಲಿ ಚೂರು ಕಾಣುವ ತನಕ ಕನ್ನಡಿಯನ್ನು ಹೊರಕ್ಕೆ ತಿರುಗಿಸಿ.

ಎಡಗಡೆಯ ಕನ್ನಡಿಗೆ: ಎರಡು ಸೀಟಿನ ನಡುವೆ, ಒಳಗಿನ ಕನ್ನಡಿಯ ಕೆಳಗೆ ತಲೆ ಬರುವ ಹಾಗೆ ವಾಲಿ. ಅಲ್ಲಿಂದ ನೋಡಿದಾಗ ಕಾರಿನ ಎಡ ಅಂಚು ಚೂರು ಕಂಡರೆ ಸಾಕು.

ಈಗ ನೇರ ಕೂತರೆ ಎರಡೂ ಕನ್ನಡಿಯಲ್ಲಿ ನಿಮ್ಮ ಕಾರು ಕಾಣುವುದೇ ಇಲ್ಲ. ಮೊದಲ ಒಂದೆರಡು ದಿನ ಏನೋ ತಪ್ಪಾಗಿದೆ ಅನ್ನಿಸುತ್ತದೆ. ಬಿಡಬೇಡಿ, ರೂಢಿಯಾಗುತ್ತದೆ. ಹಿಂದಿನಿಂದ ಬರುವ ಗಾಡಿ ಒಳಗಿನ ಕನ್ನಡಿಯಿಂದ ಜಾರುವ ಹೊತ್ತಿಗೆ ಸೈಡ್ ಮಿರರ್‌ಗೆ ಬಂದಿರುತ್ತದೆ. ಅಲ್ಲಿಂದ ಜಾರುವ ಹೊತ್ತಿಗೆ ಕಣ್ಣಂಚಿಗೆ ಬೀಳುತ್ತದೆ. ಬ್ಲೈಂಡ್ ಸ್ಪಾಟ್ ಬಹಳ ಮಟ್ಟಿಗೆ ಕಮ್ಮಿಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಬೈಕ್ ಸಣ್ಣದು. ಅದಕ್ಕೆ ಅಡಗಲು ಜಾಸ್ತಿ ಜಾಗ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ. ಸೈಡ್ ಮಿರರ್ ಗಾಜು ಸಾಮಾನ್ಯವಾಗಿ ಸ್ವಲ್ಪ ಉಬ್ಬಿರುತ್ತದೆ. ಅದರಿಂದ ಜಾಸ್ತಿ ಜಾಗ ಕಾಣುತ್ತದೆ, ಆದರೆ ಗಾಡಿ ಇರುವುದಕ್ಕಿಂತ ಸಣ್ಣದಾಗಿ, ದೂರ ಇದ್ದ ಹಾಗೆ ಕಾಣುತ್ತದೆ. ಒಳಗಿನ ಕನ್ನಡಿಯ ಗಾಜು ಚಪ್ಪಟೆ. ದೂರ ಎಷ್ಟು ಅಂತ ಅಂದಾಜು ಮಾಡಲು ಒಳಗಿನ ಕನ್ನಡಿಯನ್ನೇ ನಂಬಿ.

ಸೈಡ್ ಮಿರರ್ ಮೂಲೆಗೆ ಅಂಟಿಸುವ ಸಣ್ಣ ದುಂಡು ಕನ್ನಡಿ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಹಾಕಿಸಿಕೊಳ್ಳಿ, ಒಳ್ಳೆಯದೇ. ಕೆಲವು ಹೊಸ ಕಾರುಗಳಲ್ಲಿ ಪಕ್ಕದಲ್ಲಿ ಗಾಡಿ ಇದ್ದರೆ ಕನ್ನಡಿಯಲ್ಲಿ ಸಣ್ಣ ದೀಪ ಹತ್ತುವ ವ್ಯವಸ್ಥೆಯೂ ಇರುತ್ತದೆ. ದೀಪ ಹತ್ತಿದರೆ ಲೇನ್ ಬದಲಿಸಬೇಡಿ. ಹತ್ತಲಿಲ್ಲ ಅಂತ ಮಾತ್ರ ಹೊರಡಬೇಡಿ, ತಲೆ ತಿರುಗಿಸಿ ನೋಡಿಯೇ ಹೊರಡಿ.

ಹಂತ 2: ನಿಮ್ಮ ಕಾರಿನ ಕುರುಡು ಜಾಗವನ್ನು ಕಣ್ಣಾರೆ ನೋಡಿ

ಇದನ್ನು ಓದಿ ಬಿಡುವವರೇ ಜಾಸ್ತಿ. ದಯವಿಟ್ಟು ಮಾಡಿ ನೋಡಿ, ಅರ್ಧ ಗಂಟೆಯ ಕೆಲಸ. ಖಾಲಿ ಮೈದಾನ ಸಿಕ್ಕರೆ ಒಳ್ಳೆಯದು, ಮನೆ ಮುಂದೆ ಓಡಾಟವಿಲ್ಲದ ಅಗಲ ರಸ್ತೆ ಇದ್ದರೂ ಸಾಕು.

ಕಾರನ್ನು ನಿಲ್ಲಿಸಿ, ಇಂಜಿನ್ ಆಫ್ ಮಾಡಿ ನೀವು ಒಳಗೆ ಕೂತಿರಿ. ಮನೆಯವರೊಬ್ಬರು ಇಂಜಿನ್ ಆಫ್ ಮಾಡಿದ ಬೈಕನ್ನು ತಳ್ಳಿಕೊಂಡು ಕಾರಿನ ಹಿಂದಿನಿಂದ ಬಲಗಡೆಗೆ ಬರಲಿ. ಕಾರಿಗೂ ಬೈಕಿಗೂ ಒಂದೂವರೆ ಮೀಟರ್ ಅಂತರ ಇರಲಿ. ನೀವು ತಲೆ ತಿರುಗಿಸದೆ ಕನ್ನಡಿಯಲ್ಲಿ ಮಾತ್ರ ನೋಡಿ. ಬೈಕ್ ಕಾಣುವಷ್ಟು ಹೊತ್ತು "ಕಾಣ್ತಿದೆ" ಅನ್ನಿ. ಪೂರ್ತಿ ಮರೆಯಾದ ಕೂಡಲೇ "ಹೋಯ್ತು" ಅನ್ನಿ. ಬೈಕಿನ ಮುಂದಿನ ಗಾಲಿ ಇದ್ದ ಕಡೆ ಅವರು ಒಂದು ಕಲ್ಲು ಇಡಲಿ. ಹಾಗೇ ಮುಂದೆ ತಳ್ಳಲಿ. ನೇರ ಮುಂದೆ ನೋಡುತ್ತಿರುವ ನಿಮ್ಮ ಕಣ್ಣಂಚಿಗೆ ಬೈಕ್ ಬಿದ್ದಾಗ ಮತ್ತೆ ಕೂಗಿ, ಅಲ್ಲಿ ಇನ್ನೊಂದು ಕಲ್ಲು. ಈಗ ಇಳಿದು ಬಂದು ಎರಡು ಕಲ್ಲಿನ ನಡುವಿನ ಜಾಗ ನೋಡಿ. ಕನ್ನಡಿ ಸರಿ ಇಲ್ಲದ ಕಾರಿನಲ್ಲಿ ಆ ಜಾಗ ದೊಡ್ಡದೇ ಇರುತ್ತದೆ.

ಹಂತ 1ರಲ್ಲಿ ಹೇಳಿದ ಹಾಗೆ ಕನ್ನಡಿ ಹೊಂದಿಸಿ, ಇದನ್ನೇ ಇನ್ನೊಂದು ಸಲ ಮಾಡಿ. ಕಲ್ಲುಗಳು ಹತ್ತಿರ ಬಂದಿರುತ್ತವೆ. ಆಮೇಲೆ ಎಡಗಡೆಗೂ ಮಾಡಿ. ನಾವು ಬಲಗಡೆ ಕೂರುವುದರಿಂದ ಎಡಗಡೆಯ ಕನ್ನಡಿ ದೂರ, ಎಡಗಡೆಯ ಪಿಲ್ಲರ್‌ಗಳೂ ನೋಟಕ್ಕೆ ಅಡ್ಡ ಬರುತ್ತವೆ. ಆ ಕಡೆ ಬೈಕ್ ಬೇರೆ ಜಾಗದಲ್ಲಿ ಮಾಯವಾಗುತ್ತದೆ. ಅದು ಎಲ್ಲಿ ಅಂತ ನಿಮಗೆ ಗೊತ್ತಿರಬೇಕು.

ಮನೆಯಲ್ಲಿ ಮಗನೋ ಮಗಳೋ ಈಗಷ್ಟೇ ಲೈಸೆನ್ಸ್ ಮಾಡಿಸಿದ್ದರೆ, ಹತ್ತು ಸಲ ಬುದ್ಧಿ ಹೇಳುವುದಕ್ಕಿಂತ ಒಂದು ಸಲ ಇದನ್ನು ಮಾಡಿಸಿ. ಅಪ್ಪ ಬೈಕ್ ಸಮೇತ ಕಣ್ಣೆದುರೇ ಮಾಯವಾಗಿದ್ದನ್ನು ಮಕ್ಕಳು ಮರೆಯುವುದಿಲ್ಲ.

ಹಂತ 3: ಬದಲಿಸುವ ಅಗತ್ಯ ಇದೆಯಾ ನೋಡಿ

ಎರಡು ಕಿಲೋಮೀಟರ್ ಮುಂದೆ ಎಡಕ್ಕೆ ಇಳಿಯಬೇಕಾದವರು ಈಗ ಬಲಕ್ಕೆ ಹೋಗಿ ಒಂದು ಲಾರಿ ಹಿಂದಿಕ್ಕಿ ಏನು ಪ್ರಯೋಜನ? ಸುಮ್ನೆ ಅಲ್ಲೇ ಇರಿ. ಡಿವೈಡರ್ ನಡುವೆ ದಾರಿ ಬಿಟ್ಟಿರುವ ಕಡೆ, ಫ್ಲೈಓವರ್ ಏರಿನ ತುದಿಯಲ್ಲಿ, ತಿರುವಿನಲ್ಲಿ, ಸರ್ವಿಸ್ ರಸ್ತೆ ಬಂದು ಸೇರುವ ಬಾಯಲ್ಲಿ ಲೇನ್ ಬದಲಿಸಬೇಡಿ. ಅದನ್ನು ದಾಟಿ ಬದಲಿಸಿ.

ಹಂತ 4: ಮುಂದೆ, ಹಿಂದೆ, ಪಕ್ಕ

ಬದಲಿಸಬೇಕು ಅಂತ ತೀರ್ಮಾನ ಆಯಿತು. ಮೊದಲು ಮುಂದೆ ನೋಡಿ. ನಿಮ್ಮ ಮುಂದಿನ ಗಾಡಿಗೂ ನಿಮಗೂ ಕನಿಷ್ಠ ಮೂರು ಸೆಕೆಂಡಿನ ಅಂತರ ಇರಬೇಕು. ಇದನ್ನು ಅಳೆಯುವುದು ಸುಲಭ. ಮುಂದಿನ ಗಾಡಿ ಒಂದು ಲೈಟ್ ಕಂಬವನ್ನೋ ಬೋರ್ಡನ್ನೋ ದಾಟಿದಾಗ ಎಣಿಸಲು ಶುರು ಮಾಡಿ. ನಿಧಾನಕ್ಕೆ ಮೂರು ಎಣಿಸುವುದರೊಳಗೆ ನೀವು ಆ ಕಂಬ ತಲುಪಿದರೆ ತೀರಾ ಹತ್ತಿರ ಇದ್ದೀರಿ.

ಇದು ಯಾಕೆ ಮುಖ್ಯ ಅಂದರೆ, ಈಗ ನೀವು ಕಣ್ಣನ್ನು ಮುಂದಿನಿಂದ ತೆಗೆಯಬೇಕು. 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಲಾರಿಯ ಬಾಲಕ್ಕೆ ಅಂಟಿಕೊಂಡು ಕನ್ನಡಿ ನೋಡಲು ಹೋದರೆ, ಆ ಲಾರಿ ಬ್ರೇಕ್ ಹಾಕಿದ್ದೂ ಗೊತ್ತಾಗುವುದಿಲ್ಲ.

ಆಮೇಲೆ ಒಳಗಿನ ಕನ್ನಡಿ. ಒಂದು ಸಲ ನೋಡಿದರೆ ಗಾಡಿ ಇದೆ ಅಂತ ಮಾತ್ರ ಗೊತ್ತಾಗುತ್ತದೆ. ಒಂದು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ಅಷ್ಟರಲ್ಲಿ ಅದು ದೊಡ್ಡದಾಗಿ ಕಂಡರೆ ನಿಮಗಿಂತ ಜೋರಾಗಿ ಬರುತ್ತಿದೆ ಅಂತ ಅರ್ಥ. ಲೆಕ್ಕ ಹಾಕಿ ನೋಡಿ: ನೀವು ಲಾರಿ ಹಿಂದೆ 60ರಲ್ಲಿ ಇದ್ದೀರಿ, ಬಲ ಲೇನ್‌ನಲ್ಲಿ ಒಂದು ಕಾರು 100ರಲ್ಲಿ ಬರುತ್ತಿದೆ, ನಡುವೆ 100 ಮೀಟರ್ ಅಂತರ. ಅದು ಒಂಬತ್ತೇ ಸೆಕೆಂಡಿನಲ್ಲಿ ನಿಮ್ಮ ಹಿಂದೆ ಬಂದು ನಿಂತಿರುತ್ತದೆ. ಲೇನ್ ಬದಲಿಸಲೇ ನಿಮಗೆ ನಾಲ್ಕು ಸೆಕೆಂಡ್ ಬೇಕು, ವೇಗ ಹಿಡಿಯಲು ಇನ್ನಷ್ಟು. ನೂರು ಮೀಟರ್ ದೂರ ಇದೆಯಲ್ಲ ಅಂತ ನುಗ್ಗಬೇಡಿ. ಅದನ್ನು ಹೋಗಲು ಬಿಟ್ಟು ಹಿಂದೆ ಹೋಗಿ. ನಾಲ್ಕು ಪಥ ಮತ್ತು ಡಿವೈಡರ್ ಇರುವ ಹೆದ್ದಾರಿಯಲ್ಲಿ ಕೇಂದ್ರ ಸರ್ಕಾರ 2018ರಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ ಇಟ್ಟಿದೆ. ಅದನ್ನೂ ಮೀರಿ ಬರುವವರು ಇರುತ್ತಾರೆ ಅಂತ ಗೊತ್ತಿದ್ದೇ ನೋಡಬೇಕು.

ಕೊನೆಗೆ ನೀವು ಹೋಗುವ ಕಡೆಯ ಸೈಡ್ ಮಿರರ್. ಒಳಗಿನ ಕನ್ನಡಿಯಲ್ಲಿ ಕಂಡ ಗಾಡಿಗಳನ್ನು ಇಲ್ಲಿ ಮತ್ತೆ ಹುಡುಕಿ. ಬಿಳಿ ಕಾರು ಇತ್ತು, ಅದರ ಪಕ್ಕ ಒಂದು ಬೈಕ್ ಇತ್ತು. ಕಾರು ಕಾಣುತ್ತಿದೆ, ಬೈಕ್ ಎಲ್ಲಿ? ಉತ್ತರ ಸಿಗದಿದ್ದರೆ ಬೈಕ್ ನಿಮ್ಮ ಹಿಂದಿನ ಬಾಗಿಲ ಪಕ್ಕದಲ್ಲಿದೆ ಅಂತಲೇ ತಿಳಿಯಿರಿ.

ಹಂತ 5: ಇಂಡಿಕೇಟರ್ ಹಾಕಿ, ಕಾಯಿರಿ

ಇಂಡಿಕೇಟರ್ ನಾಲ್ಕೈದು ಸಲ ಮಿನುಗಲಿ, ಅಲ್ಲಿಯ ತನಕ ನಿಮ್ಮ ಲೇನ್‌ನಲ್ಲೇ ನೇರ ಇರಿ. ಹಿಂದಿನವರಿಗೆ ಅದು ಕಾಣಬೇಕು, ಅರ್ಥ ಆಗಬೇಕು, ಅವರು ವೇಗ ಕಮ್ಮಿ ಮಾಡಬೇಕು. ಇಂಡಿಕೇಟರ್ ಹಾಕುತ್ತಲೇ ಸ್ಟೀರಿಂಗ್ ತಿರುಗಿಸಿದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಇಂಡಿಕೇಟರ್ ಹಾಕಿದ್ದೇನೆ, ಇನ್ನು ದಾರಿ ಬಿಡುವುದು ಅವರ ಕೆಲಸ ಅನ್ನುವ ಭಾವನೆ ಬಹಳ ಜನಕ್ಕಿದೆ. ಅದು ತಪ್ಪು. ಇಂಡಿಕೇಟರ್ ಕೇಳುವುದಕ್ಕೆ ಮಾತ್ರ. ಜಾಗ ಸಿಕ್ಕಿತಾ ಇಲ್ಲವಾ ಅಂತ ನೋಡಬೇಕಾದವರು ನೀವೇ.

ಇಲ್ಲೇ ಒಂದು ಗೊಂದಲದ ಬಗ್ಗೆ ಹೇಳಬೇಕು. ನಮ್ಮ ಹೆದ್ದಾರಿಯಲ್ಲಿ ಮುಂದಿನ ಲಾರಿಯವರು ಬಲ ಇಂಡಿಕೇಟರ್ ಹಾಕಿದರೆ ಕೆಲವರು "ಹೋಗಬಹುದು" ಅನ್ನುವ ಅರ್ಥದಲ್ಲಿ ಹಾಕುತ್ತಾರೆ, ಕೆಲವರು "ನಾನು ಬಲಕ್ಕೆ ಬರ್ತೀನಿ" ಅಂತ ಹಾಕುತ್ತಾರೆ. ಎಡ ಇಂಡಿಕೇಟರ್‌ಗೂ ಇದೇ ಕಥೆ. ಒಂದನ್ನು ಇನ್ನೊಂದು ಅಂದುಕೊಂಡರೆ ಸೀದಾ ಲಾರಿಗೆ ಹೋಗಿ ಹೊಡೆಯುತ್ತೀರಿ. ಯಾವ ಲಾರಿಯ ಇಂಡಿಕೇಟರನ್ನೂ ಅನುಮತಿ ಅಂತ ತಿಳಿಯಬೇಡಿ. ಅದು ತಿರುಗುತ್ತದೆ ಅಂತಲೇ ಎಣಿಸಿ, ಹಿಂದೆ ಉಳಿಯಿರಿ.

ಹಂತ 6: ತಲೆ ತಿರುಗಿಸಿ

ಇದೇ ಎಲ್ಲರೂ ಬಿಟ್ಟುಬಿಡುವ ಹಂತ. ಬೈಕ್ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ.

ಗದ್ದವನ್ನು ಭುಜದ ಕಡೆಗೆ ತಂದು, ಪಕ್ಕದ ಗಾಜಿನಿಂದ ಹಿಂದಿನ ಬಾಗಿಲಿನತ್ತ ಒಂದು ನೋಟ ಹಾಯಿಸಿ. ಸೊಂಟದಿಂದ ಹಿಂದಕ್ಕೆ ಹೊರಳಬೇಕಿಲ್ಲ, ಹಿಂದಿನ ಗಾಜಿನ ತನಕ ನೋಡಬೇಕಿಲ್ಲ. ದೂರದ್ದನ್ನು ಕನ್ನಡಿ ತೋರಿಸಿದೆ, ನೀವು ಹುಡುಕುತ್ತಿರುವುದು ಪಕ್ಕದಲ್ಲಿರುವುದನ್ನು. ಒಂದು ಸೆಕೆಂಡಿಗಿಂತ ಕಮ್ಮಿ ಸಾಕು.

ಇಲ್ಲಿ ಆಗುವ ತೊಂದರೆ ಎರಡು. ಮೊದಲನೆಯದು, ಬಲಕ್ಕೆ ತಲೆ ತಿರುಗಿಸಿದಾಗ ಗೊತ್ತಿಲ್ಲದೆಯೇ ಕೈಯೂ ಬಲಕ್ಕೆ ಎಳೆಯುತ್ತದೆ. ನೋಡುವ ಮೊದಲೇ ಕಾರು ಗೆರೆ ತುಳಿದಿರುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟು, ಭುಜ ಸೀಟಿಗೆ ಒರಗಿಸಿಯೇ ತಲೆ ತಿರುಗಿಸುವುದನ್ನು ಮೈದಾನದಲ್ಲಿ ಕಲಿಯಿರಿ. ಎರಡನೆಯದು, ಒಮ್ಮೆ ನೋಡಿ ಆಮೇಲೆ ಯೋಚನೆ ಮಾಡುತ್ತಾ ಹೊತ್ತು ಕಳೆಯುವುದು. ನಾಲ್ಕು ಸೆಕೆಂಡ್ ಹಿಂದೆ ಖಾಲಿ ಇದ್ದ ಜಾಗ ಈಗ ಖಾಲಿ ಇರಬೇಕು ಅಂತಿಲ್ಲ. ತಲೆ ತಿರುಗಿಸಿ ನೋಡುವುದು ಕೊನೆಯ ಕೆಲಸ, ಅದಾದ ಕೂಡಲೇ ಹೊರಡಬೇಕು. ತಡವಾದರೆ ಮತ್ತೆ ನೋಡಬೇಕು.

ಪಕ್ಕದ ಸೀಟಿನಲ್ಲಿ ಕೂತವರು "ಬಾ ಬಾ, ಖಾಲಿ ಇದೆ" ಅಂತ ಹೇಳುವುದುಂಟು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅವರು ನೋಡುವ ಕೋನ ಬೇರೆ, ಅವರ ಅಂದಾಜು ಬೇರೆ. ನೀವೇ ನೋಡಿ.

ಹಂತ 7: ಸರಿಯಿರಿ, ಇಂಡಿಕೇಟರ್ ತೆಗೆಯಿರಿ

ಬ್ರೇಕ್ ಹಾಕದೆ, ಒಂದೇ ವೇಗದಲ್ಲಿ ಅಥವಾ ಸ್ವಲ್ಪ ಹೆಚ್ಚಿಸಿಕೊಂಡು ನಿಧಾನಕ್ಕೆ ಸರಿಯಿರಿ. ಸ್ಟೀರಿಂಗ್ ಚೂರೇ ಚೂರು ತಿರುಗಿದರೆ ಸಾಕು. ಮೂರು ಲೇನ್ ಇರುವ ಕಡೆ ಒಂದೇ ಸಲಕ್ಕೆ ಎರಡು ಲೇನ್ ದಾಟಬೇಡಿ. ಒಂದು ಲೇನ್ ದಾಟಿ ನೆಲೆ ನಿಂತು, ಮತ್ತೆ ಹಂತ 4ರಿಂದ ಶುರು ಮಾಡಿ. ಎಡದಿಂದ ನಡುವಿನ ಲೇನ್‌ಗೆ ಬರುವವರು ಬಲತುದಿಯ ಲೇನನ್ನೂ ನೋಡಬೇಕು. ಅಲ್ಲಿಂದಲೂ ಯಾರೋ ಅದೇ ನಡುವಿನ ಜಾಗಕ್ಕೆ ಇಳಿಯುತ್ತಿರಬಹುದು.

ಲಾರಿ ಹಿಂದಿಕ್ಕಿ ಎಡಕ್ಕೆ ಮರಳುವಾಗ ಅವಸರ ಬೇಡ. ಲಾರಿಯ ಮುಂಭಾಗ ಪೂರ್ತಿ, ಎರಡೂ ಹೆಡ್‌ಲೈಟ್ ಸಮೇತ ಒಳಗಿನ ಕನ್ನಡಿಯಲ್ಲಿ ಕಂಡ ಮೇಲೆ ಎಡ ಇಂಡಿಕೇಟರ್ ಹಾಕಿ, ಎಡಕ್ಕೆ ತಲೆ ತಿರುಗಿಸಿ ನೋಡಿ, ಬನ್ನಿ. ಬಂದ ಮೇಲೆ ಬ್ರೇಕ್ ಒತ್ತಬೇಡಿ. ಲೋಡ್ ಲಾರಿ ನಿಮ್ಮಷ್ಟು ಬೇಗ ನಿಲ್ಲುವುದಿಲ್ಲ.

ಎಡಕ್ಕೆ ಬರುವಾಗ ಹಿಂದೆ ಮಾತ್ರ ಅಲ್ಲ, ಮುಂದೆಯೂ ನೋಡಿ. ದಾರಿ ಸುತ್ತಿ ಬರಲು ಬೇಜಾರಾಗಿ ಹೆದ್ದಾರಿ ಅಂಚಿನಲ್ಲೇ ಎದುರಿನಿಂದ ಬರುವ ಬೈಕ್, ಟ್ರ್ಯಾಕ್ಟರ್ ನಮ್ಮ ಕಡೆ ಅಪರೂಪವಲ್ಲ.

ಲಾರಿ, ಬಸ್, ಟ್ರ್ಯಾಕ್ಟರ್ ಪಕ್ಕದಲ್ಲಿ

ರಾಷ್ಟ್ರೀಯ ಹೆದ್ದಾರಿ 48 ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಮೂಲಕ ಹೋಗುತ್ತದೆ. ಚಿತ್ರದುರ್ಗದಲ್ಲಿ ಹೊಸಪೇಟೆ ಕಡೆಯ ಹೆದ್ದಾರಿ 50 ಬಂದು ಸೇರುತ್ತದೆ. ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ ಕಡೆಯ ಲಾರಿಗಳೆಲ್ಲ ಇಲ್ಲಿ ಕೂಡುತ್ತವೆ. ಹಾಗಾಗಿ ಲಾರಿ ಡ್ರೈವರ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ತಿಳಿದಿರುವುದು ನಮಗೆ ಎಲ್ಲರಿಗಿಂತ ಜಾಸ್ತಿ ಅಗತ್ಯ.

ಲಾರಿಗೆ ನಾಲ್ಕೂ ಕಡೆ ಕುರುಡು ಜಾಗ ಇದೆ. ಮೂತಿಯ ಕೆಳಗೆ ಸ್ವಲ್ಪ, ಬಲಗಡೆ ಬಾಗಿಲ ಹಿಂದೆ ಸ್ವಲ್ಪ, ಹಿಂದುಗಡೆ ನೇರ ಬಾಲದಲ್ಲಿ ಬಹಳ, ಎಡಗಡೆ ಎಲ್ಲಕ್ಕಿಂತ ಜಾಸ್ತಿ. ಡ್ರೈವರ್ ಎತ್ತರದಲ್ಲಿ ಬಲಗಡೆ ಕೂತಿರುತ್ತಾನೆ. ಎಡಗಡೆ ಬಾಗಿಲ ಕೆಳಗೆ ಒಂದು ಕಾರೇ ನಿಂತಿದ್ದರೂ ಅವನಿಗೆ ಕಾಣದಿರಬಹುದು. ಮೊದಲೆಲ್ಲ ಎಡಕ್ಕೆ ಕ್ಲೀನರ್ ಕೂತು ಕೈ ಬೀಸುತ್ತಿದ್ದ, ಕೂಗಿ ಹೇಳುತ್ತಿದ್ದ. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರೇ ಇರುವುದಿಲ್ಲ.

ಸುಲಭದ ಗುರುತು ಇದು: ಲಾರಿಯ ಸೈಡ್ ಮಿರರ್‌ನಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವನಿಗೆ ನೀವೂ ಕಾಣುವುದಿಲ್ಲ. ಹಿಂದೆ ಇರುವುದಾದರೆ ಅವನ ಕನ್ನಡಿ ಕಾಣುವಷ್ಟು ದೂರ ಇರಿ. ಹಿಂದಿಕ್ಕುವುದಾದರೆ ಹಾರನ್ ಮಾಡಿ, ರಾತ್ರಿಯಾದರೆ ಡಿಮ್ ಡಿಪ್ ಮಾಡಿ, ಒಂದೇ ಸಲಕ್ಕೆ ದಾಟಿಬಿಡಿ. ಲಾರಿ ಪಕ್ಕದಲ್ಲಿ ಅದರ ವೇಗಕ್ಕೇ ಸಮನಾಗಿ ಹಾಡು ಕೇಳುತ್ತಾ ಹೋಗುವುದು ಬೇಡವೇ ಬೇಡ.

"ಲಾರಿ ಬಲ ಲೇನ್ ಬಿಡೋದೇ ಇಲ್ಲ, ಏನ್ ಮಾಡೋದು?" ಇದೂ ಬಹಳ ಜನ ಕೇಳುವ ಪ್ರಶ್ನೆ. ನಿಯಮದ ಪ್ರಕಾರ ಹಿಂದಿಕ್ಕುವುದು ಬಲದಿಂದಲೇ. ಮೊದಲು ದೂರದಿಂದಲೇ ಹಾರನ್ ಮಾಡಿ, ಡಿಮ್ ಡಿಪ್ ಮಾಡಿ, ಕಾಯಿರಿ. ಹೆಚ್ಚಿನ ಡ್ರೈವರ್‌ಗಳು ಬಿಡುತ್ತಾರೆ. ನೀವು ಎಡಕ್ಕೆ ನುಗ್ಗುವುದಕ್ಕೂ, ಅವನು ದಾರಿ ಕೊಡಲು ಅಂತಲೇ ಎಡಕ್ಕೆ ಬರುವುದಕ್ಕೂ ಒಂದೇ ಹೊತ್ತಾದರೆ ನೀವು ಅವನ ಅತಿ ದೊಡ್ಡ ಕುರುಡು ಜಾಗದಲ್ಲಿ ಸಿಕ್ಕಿಬೀಳುತ್ತೀರಿ. ಅವನು ಒಳ್ಳೆಯತನದಿಂದ ಮಾಡಿದ್ದೇ ನಿಮಗೆ ಮುಳುವಾಗುತ್ತದೆ. ಐದು ನಿಮಿಷ ತಡವಾದರೂ ಪರವಾಗಿಲ್ಲ, ಕಾಯುವುದೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಟ್ರ್ಯಾಕ್ಟರ್ ಇನ್ನೂ ಬೇರೆ. ಮೆಕ್ಕೆಜೋಳದ ಸುಗ್ಗಿ ಬಂದರೆ ದಾವಣಗೆರೆ ಸುತ್ತ ರಸ್ತೆ ತುಂಬಾ ಟ್ರೇಲರ್‌ಗಳು. ಬಹಳ ಟ್ರ್ಯಾಕ್ಟರ್‌ಗಳಿಗೆ ಕನ್ನಡಿಯೇ ಇರುವುದಿಲ್ಲ, ಇಂಜಿನ್ ಸದ್ದಿಗೆ ಹಾರನ್ ಕೇಳುವುದಿಲ್ಲ. ಹುಲ್ಲು ತುಂಬಿದ್ದರೆ ಹಿಂದಿನ ದೀಪ ಮುಚ್ಚಿಹೋಗಿರುತ್ತದೆ. ಇಂಡಿಕೇಟರ್ ಬದಲು ಡ್ರೈವರ್ ಕೈ ತೋರಿಸಬಹುದು, ತೋರಿಸದೆಯೂ ಹೊಲದ ಕಡೆ ತಿರುಗಬಹುದು. ಸರ್ವಿಸ್ ರಸ್ತೆಯಲ್ಲಿ ಜೋಳ ಒಣಹಾಕಿದ್ದರೆ ಅಲ್ಲಿ ಹೋಗಬೇಕಾದ ಬೈಕ್‌ಗಳೆಲ್ಲ ಹೆದ್ದಾರಿಗೆ ಬರುತ್ತವೆ. ಆ ದಿನಗಳಲ್ಲಿ ಎಡ ಲೇನ್ ಖಾಲಿ ಇರುತ್ತದೆ ಅಂತ ನಂಬಬೇಡಿ.

ನಿಂತ ಬಸ್ಸನ್ನು ದಾಟಲು ಬಲಕ್ಕೆ ಸರಿಯುವಾಗ, ಬಸ್ಸಿನ ಮೂತಿಯ ಮುಂದಿನಿಂದ ಜನ ಬರಬಹುದು ಅಂತ ನೆನಪಿರಲಿ. ವೇಗ ಕಮ್ಮಿ ಮಾಡಿ, ಹಾರನ್ ಮಾಡಿ.

ಟೋಲ್ ಹತ್ತಿರ

ಹೆಬ್ಬಾಳು ಟೋಲ್ ಆಗಲಿ, ಹಿರಿಯೂರು ಕಡೆಯ ಗುಯಿಲಾಳು ಟೋಲ್ ಆಗಲಿ, ಅಪಾಯ ಇರುವುದು ಗೇಟ್ ದಾಟಿದ ಮೇಲೆ. ಅಷ್ಟೂ ಗೇಟಿನಿಂದ ಒಟ್ಟಿಗೆ ಹೊರಟ ಗಾಡಿಗಳು ಸ್ವಲ್ಪ ದೂರದಲ್ಲೇ ಎರಡು ಮೂರು ಲೇನ್‌ಗೆ ಇಳಿಯಬೇಕು. ನೆಲದಲ್ಲಿ ಗೆರೆ ಇರುವುದಿಲ್ಲ, ಎಲ್ಲರೂ ಎಕ್ಸಲರೇಟರ್ ಒತ್ತುತ್ತಿರುತ್ತಾರೆ, ಎರಡೂ ಪಕ್ಕದಲ್ಲಿ ಗಾಡಿ. ಅಲ್ಲಿ ನೇರ ಹೋಗಿ. ಗೆರೆ ಶುರುವಾಗಿ ನಿಮ್ಮ ಲೇನ್ ಯಾವುದು ಅಂತ ಗೊತ್ತಾದ ಮೇಲೆ ಬದಲಿಸಿ. ಟೋಲ್‌ಗೆ ಬರುವಾಗ ಸಣ್ಣ ಸರತಿ ಕಂಡು ಕೊನೆ ಗಳಿಗೆಯಲ್ಲಿ ಪಕ್ಕದ ಸಾಲಿಗೆ ಹಾರುವುದೂ ಬೇಡ. ಆ ಸಾಲುಗಳ ನಡುವೆ ಬೈಕ್ ನುಸುಳುತ್ತಿರುತ್ತವೆ.

ಊರೊಳಗೆ

ಪಿ.ಬಿ. ರಸ್ತೆ, ಹದಡಿ ರಸ್ತೆ, ಚಿತ್ರದುರ್ಗದ ಪೇಟೆ ಬೀದಿ. ಇಲ್ಲಿ ಗೆರೆ ಇದ್ದರೂ ಯಾರೂ ಅದರೊಳಗೆ ಹೋಗುವುದಿಲ್ಲ. ವೇಗ ಕಮ್ಮಿ, ಗಾಡಿ ಜಾಸ್ತಿ. ಎಡಕ್ಕೆ ತಿರುಗುವ ಮೊದಲು ನಿಮ್ಮ ಎಡಗಡೆ ಸಂದಿಯಲ್ಲಿ ಬೈಕ್ ಬಂದು ನಿಂತಿದೆಯಾ ಅಂತ ತಲೆ ತಿರುಗಿಸಿಯೇ ನೋಡಬೇಕು. ಸರ್ಕಲ್‌ಗಳಲ್ಲಿ ಮುಂದಿನ ಪಿಲ್ಲರ್ ಹಿಂದೆ ಒಬ್ಬ ಮನುಷ್ಯ, ಒಂದು ಸ್ಕೂಟರ್ ಪೂರ್ತಿ ಅಡಗಬಲ್ಲದು. ನಿಂತಲ್ಲೇ ತಲೆಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಂದು ನೋಡಿ, ಆಮೇಲೆ ಹೊರಡಿ. ಕಾರು ನಿಲ್ಲಿಸಿ ಇಳಿಯುವಾಗ ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆಗೆಯಿರಿ. ಹಾಗೆ ಮಾಡಿದರೆ ಮೈ ತಾನಾಗಿಯೇ ತಿರುಗುತ್ತದೆ, ಹಿಂದಿನಿಂದ ಬರುವ ಸೈಕಲ್, ಬೈಕ್ ಕಾಣುತ್ತವೆ.

ರಾತ್ರಿ, ಮಳೆ, ಗಾಳಿ

ರಾತ್ರಿ ಹಿಂದಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದರೆ ಒಳಗಿನ ಕನ್ನಡಿಯ ಕೆಳಗಿರುವ ಸಣ್ಣ ಕಡ್ಡಿಯನ್ನು ಎಳೆಯಿರಿ, ಬೆಳಕು ಮಂದವಾಗುತ್ತದೆ. ಕನ್ನಡಿಯಲ್ಲಿ ಒಂಟಿ ದೀಪ ಕಂಡರೆ ಬೈಕ್ ಅಂದುಕೊಳ್ಳಬೇಡಿ, ಒಂದು ದೀಪ ಕೆಟ್ಟ ಲಾರಿಯೂ ಇರಬಹುದು. ಮಳೆಯಲ್ಲಿ ಸೈಡ್ ಮಿರರ್ ತುಂಬಾ ಹನಿ ಕೂರುತ್ತದೆ. ಆಗ ಅಂತರ ಜಾಸ್ತಿ ಇಡಿ, ಲೇನ್ ಬದಲಿಸುವುದನ್ನೇ ಕಮ್ಮಿ ಮಾಡಿ.

ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಸುತ್ತ ಗಾಡಿ ಓಡಿಸಿದವರಿಗೆ ಇದು ಗೊತ್ತು. ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಎತ್ತರದ ಲಾರಿ ಪಕ್ಕದಲ್ಲಿ ಹೋಗುವಾಗ ಗಾಳಿಗೆ ಮರೆ ಇರುತ್ತದೆ. ಅದನ್ನು ದಾಟಿದ ಕೂಡಲೇ ಗಾಳಿ ಪಕ್ಕದಿಂದ ತಳ್ಳುತ್ತದೆ. ಸಣ್ಣ ಕಾರು ಒಂದಡಿ ಸರಿದುಬಿಡಬಹುದು, ಬೈಕ್ ಇನ್ನೂ ಜಾಸ್ತಿ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ, ಲಾರಿಗೂ ನಿಮಗೂ ನಡುವೆ ಜಾಗ ಜಾಸ್ತಿ ಬಿಡಿ.

ಬೈಕ್ ಸವಾರರಿಗೆ

ಮೇಲಿನದೆಲ್ಲ ನಿಮಗೂ ಅನ್ವಯಿಸುತ್ತದೆ. ಜೊತೆಗೆ ಮೂರು ಮಾತು. ಅಂದಕ್ಕೆ ಅಂತ ಕನ್ನಡಿ ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ. ಅದರಲ್ಲಿ ನಿಮ್ಮ ಮೊಣಕೈ ಕಾಣುತ್ತಿದ್ದರೆ ಹೊರಕ್ಕೆ ತಿರುಗಿಸಿ. ಬಹಳ ಬೈಕ್‌ಗಳಲ್ಲಿ ಇಂಡಿಕೇಟರ್ ತಾನಾಗಿ ಆಫ್ ಆಗುವುದಿಲ್ಲ. ಬಲಕ್ಕೆ ಮಿನುಗುತ್ತಲೇ ಇರುವ ಬೈಕನ್ನು ನೋಡಿ ಹಿಂದಿನವರು ಎಡದಿಂದ ನುಗ್ಗುತ್ತಾರೆ, ನೀವೋ ಅಷ್ಟೊತ್ತಿಗೆ ಎಡಕ್ಕೆ ಬರುತ್ತಿರುತ್ತೀರಿ. ಹೆಬ್ಬೆರಳಿನಿಂದ ಆಫ್ ಮಾಡುವುದನ್ನು ರೂಢಿ ಮಾಡಿಕೊಳ್ಳಿ. ಮತ್ತೆ, ಕಾರಿನ ಹಿಂದಿನ ಬಾಗಿಲ ಪಕ್ಕದಲ್ಲಿ, ಲಾರಿಯ ಎಡ ಮಗ್ಗುಲಲ್ಲಿ ಉಳಿಯಬೇಡಿ. ಒಂದೋ ದಾಟಿ ಹೋಗಿ, ಇಲ್ಲವೋ ಹಿಂದೆ ನಿಲ್ಲಿ.

ಹೇಗೆ ರೂಢಿ ಮಾಡುವುದು

ಭಾನುವಾರ ಬೆಳಗ್ಗೆ ಬೆಳಕು ಹರಿದ ಮೇಲೆ ದಾವಣಗೆರೆಯಿಂದ ಆನಗೋಡು, ಭರಮಸಾಗರ ಕಡೆಗೆ ಹೊರಡಿ. ಓಡಿಸಿ ಪಳಗಿದವರು ಒಬ್ಬರು ಪಕ್ಕದಲ್ಲಿರಲಿ. ಪ್ರತಿ ಸಲ ಬದಲಿಸುವಾಗಲೂ ಬಾಯಿಬಿಟ್ಟು ಹೇಳಿ: "ಮುಂದೆ ಜಾಗ ಇದೆ. ಹಿಂದೆ ಕೆಂಪು ಕಾರು, ದೂರ. ಬಲಕ್ಕೆ ಅದೇ ಕಾರು. ಇಂಡಿಕೇಟರ್. ತಲೆ. ಹೊರಟೆ." ನೀವು ನಿಜವಾಗಿ ತಲೆ ತಿರುಗಿಸಿದಿರಾ, ಕಾರು ಗೆರೆ ತುಳಿಯಿತಾ ಅನ್ನುವುದನ್ನು ಮಾತ್ರ ಪಕ್ಕದವರು ನೋಡಲಿ. ಹೇಳದೆಯೂ ಇದೇ ಕ್ರಮ ತಾನಾಗಿ ಬರುವ ತನಕ ಹಗಲಲ್ಲೇ ಓಡಿಸಿ. ಆಮೇಲೆ ಸಂಜೆ, ಆಮೇಲೆ ಸಣ್ಣ ಮಳೆ. ಲಾರಿ ಸಾಲುಗಟ್ಟುವ ರಾತ್ರಿ ಹೊತ್ತನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.